ಕೆಂಪೇಗೌಡರನ್ನು ಹುಡುಕುತ್ತ ಮಾಗಡಿ ಸೀಮೆಗೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ನಿಂತಿದೆ. 2022ರ ನವೆಂಬರಿನಲ್ಲಿ ಅನಾವರಣಗೊಂಡಾಗ ನಾಡೆಲ್ಲ ನೋಡಿತು. ಅದೇ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ನಾವು ಹೊರಟಿದ್ದು ಅಲ್ಲಿಗೆ.

ದಾರಿಯಲ್ಲಿ ಮೊದಲು ಸಿಕ್ಕಿದ್ದು ರಾಮನಗರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಅಧಿಕಾರಿಯಾಗಿದ್ದಾಗಲೂ ಊರೂರು ಸುತ್ತಿ ಹಾಡು ಕೂಡಿಸಿದವರು. 1994ರಲ್ಲಿ ಇದನ್ನು ಕಟ್ಟಿ ನಿಲ್ಲಿಸಿದರು. ಕೂರಿಗೆ, ಒರಳು, ವಾಡೆ, ತೊಗಲುಗೊಂಬೆಗಳ ನಡುವೆ ಅರಸರಿಗೆ ಹೆಚ್ಚು ಜಾಗವಿಲ್ಲ. ಆದರೂ ಕೆಂಪೇಗೌಡರಿಗೆ ಹೋಗುವ ದಾರಿ ಇಲ್ಲಿಂದಲೇ ಶುರುವಾಗಬೇಕು. ಅವರ ಬಗ್ಗೆ ಜನಕ್ಕೆ ಗೊತ್ತಿರುವುದರಲ್ಲಿ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದೇ. ಕೋಟೆ ಬಾಗಿಲು ನಿಲ್ಲಲೆಂದು ಜೀವ ಕೊಟ್ಟಳೆನ್ನುವ ಸೊಸೆ ಲಕ್ಷ್ಮಮ್ಮನ ಕಥೆಗೆ ಇಂದಿಗೂ ಕಣ್ಣು ಒದ್ದೆಯಾಗುತ್ತದೆ.

ಅಲ್ಲಿಂದ ಮಾಗಡಿಯ ಕಡೆಗೆ ತಿರುಗಿದರೆ ರಾಗಿ ಹೊಲ, ಮಾವಿನ ತೋಪು, ಹಿಪ್ಪುನೇರಳೆ ತೋಟ. ಅವನ್ನೆಲ್ಲ ಮೀರಿ ಸಾವನದುರ್ಗ ಮೇಲೇಳುತ್ತದೆ. 1226 ಮೀಟರಿನ ಬೋಳು ಕಲ್ಲುಬೆಟ್ಟ, ಬುಡದಲ್ಲಿ ವೀರಭದ್ರ ಮತ್ತು ನರಸಿಂಹನ ಗುಡಿಗಳು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಹೋದಮೇಲೆ ಗೌಡರ ಮನೆತನಕ್ಕೆ ಮಾಗಡಿಯೇ ರಾಜಧಾನಿ, ಈ ದುರ್ಗವೇ ಬೆನ್ನಿನ ಬಲ. 1728ರಲ್ಲಿ ಮೈಸೂರಿನ ಸೈನ್ಯ ಬಂದು ಮನೆತನದ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿತು. ಬೆಂಗಳೂರು ಕೈತಪ್ಪಿದ ಮೇಲಿನ ಈ 90 ವರ್ಷಗಳ ಕಥೆಯನ್ನು ನಮ್ಮ ಶಾಲೆಯ ಪುಸ್ತಕಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ. ಅದು ಅನ್ಯಾಯ. ಮುಂದೆ 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಪಡೆ ಟಿಪ್ಪುವಿನಿಂದ ಇದೇ ದುರ್ಗವನ್ನು ಕಿತ್ತುಕೊಂಡಿತು. ಕೆಳಗೆ ನಿಂತು ಆ ಕಡಿದಾದ ಬಂಡೆಯನ್ನು ನೋಡಿದಾಗ, ಹತ್ತಿದವರ ಮೇಲೂ ಕಾದವರ ಮೇಲೂ ಗೌರವ ಹುಟ್ಟುತ್ತದೆ.

ಕೆಂಪಾಪುರದಲ್ಲಿ ದಾರಿ ಕೇಳಬೇಕಾಯಿತು. ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಗೋಪುರ ನೋಡಾಕ್ ಬಂದ್ರಾ ಸ್ವಾಮಿ? ಬನ್ನಿ, ಇಲ್ಲೇ ಐತೆ" ಎಂದು ಎದ್ದು ಮುಂದೆ ನಡೆದರು. ಕಲ್ಲಿನ ಪುಟ್ಟ ಕಟ್ಟಡ. ಹಿರಿಯ ಕೆಂಪೇಗೌಡರು ಕುಣಿಗಲ್ ಕಡೆಯಿಂದ ಬರುವಾಗ ಇಲ್ಲಿ ಐಕ್ಯರಾದರು ಎಂಬ ಬರಹ ಅದರ ಮೇಲಿದೆ. ಊರವರು ದಿನವೂ ಓಡಾಡುವ ಜಾಗದಲ್ಲೇ ಇದ್ದ ಈ ಬರಹದ ಮಹತ್ವ ಹೊರಜಗತ್ತಿಗೆ ತಿಳಿದದ್ದು 2015ರ ಮಾರ್ಚಿನಲ್ಲಿ. ಬೆಂಗಳೂರು ಹುಟ್ಟಿದ್ದು 1537ರಲ್ಲಿ, ಅದನ್ನು ಕಟ್ಟಿದವರು ತೀರಿಕೊಂಡದ್ದು 1569ರಲ್ಲಿ ಎನ್ನುತ್ತಾರೆ. ನಾಲ್ಕೂವರೆ ಶತಮಾನದ ಹೊತ್ತಿಗೆ ಸಮಾಧಿ ಗುರುತಾಯಿತು.

ಕೊರಿಯಾದ ಸೋಲ್ ನಗರದಲ್ಲಿ ದೊರೆ ಸೆಜೋಂಗನ ಕೂತ ಪ್ರತಿಮೆಯಿದೆ, ಅದರ ಕೆಳಗೆ ನೆಲದಡಿಯಲ್ಲೇ ಅವನ ಬದುಕಿನ ಪ್ರದರ್ಶನಾಲಯ. ತಮ್ಮ ಲಿಪಿಯನ್ನು ಕೊಟ್ಟ, 1441ರ ವೇಳೆಗೆ ಮಳೆ ಅಳೆಯುವ ಪಾತ್ರೆ ಮಾಡಿಸಿದ ಅರಸನನ್ನು ಆ ಜನ ಹಾಗೆ ಕಾಪಾಡಿಕೊಂಡಿದ್ದಾರೆ. ಅವನಿಗಿಂತ ನೂರು ವರ್ಷ ಈಚಿನ ಕೆಂಪೇಗೌಡರು ಮಳೆಯನ್ನು ಕೆರೆಗಳಲ್ಲಿ ಹಿಡಿದಿಟ್ಟರು. ಅವರ ಕಾಲದ್ದೆನ್ನುವ ಧರ್ಮಾಂಬುಧಿಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಬೆಂಗಳೂರಿನ ಮೇಯೋ ಹಾಲ್‌ನಲ್ಲಿ 2011ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯವೂ ಇದೆ. ಅಲ್ಲಿ ಗೋಡೆಗೆ ತೂಗಿದ ಚಿತ್ರಗಳಲ್ಲಿ ಕಾಣುವ ಕೋಟೆ, ಗುಡಿ, ಕೆರೆಗಳನ್ನು ಮಾಗಡಿ ಸೀಮೆಯಲ್ಲಿ ಮುಟ್ಟಿ ನೋಡಬಹುದು. ಮಕ್ಕಳನ್ನು ಎರಡೂ ಕಡೆ ಕರೆದೊಯ್ಯಬೇಕು, ಮಾಗಡಿಗೆ ಮೊದಲು.

2025ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಈ ಜಿಲ್ಲೆಗೆ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಬೆಂಗಳೂರಿನ ಹೆಸರು ಇಷ್ಟು ದೂರ ಬಂದಮೇಲೆ, ಬೆಂಗಳೂರಿನವರೂ ಕೆಂಪಾಪುರದವರೆಗೆ ಬರಲಿ. ಬಂದವರು ಉತ್ತರಕ್ಕೆ ಇನ್ನಷ್ಟು ಸಾಗಿ ಶಿವಗಂಗೆಯನ್ನೂ ನೋಡಲಿ. ಅಲ್ಲಿನ ಗಂಗಾಧರೇಶ್ವರ ಗುಡಿಯಲ್ಲಿರುವ ಕೆಂಪೇಗೌಡರ ಪ್ರತಿಮೆ ಪ್ರತಿಷ್ಠೆಯಾದದ್ದು 1609ರಲ್ಲಿ, ಅವರು ತೀರಿಕೊಂಡ 40 ವರ್ಷಕ್ಕೆ. ಅವರನ್ನು ಕಣ್ಣಾರೆ ಕಂಡಿದ್ದ ಮುದುಕರು ಆಗ ಇನ್ನೂ ಬದುಕಿದ್ದಿರಬಹುದು.