ಕರಿಮಣಿಯೂ ಕಾಳುಮೆಣಸೂ

ಶಾಲೆಯ ಈ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಕೂಡಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಯೋಚಿಸುತ್ತಲಿದ್ದೆವು. ನಮ್ಮಲ್ಲಿ ಒಬ್ಬಳು ಸಾಗರದವಳು, ಒಬ್ಬಳು ಹೊಸನಗರದವಳು, ಮತ್ತೊಬ್ಬಳು ತೀರ್ಥಹಳ್ಳಿಯವಳು. ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿದ್ದು ಓದಿದೆವು. ಬರೆಯತಕ್ಕ ವಿಷಯವಾದರೋ ಬಹು ಸಣ್ಣದು, ಒಂದು ಗಾಜಿನ ಮಣಿ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಕೊಂಡು ತಂದಿದ್ದ ಮಣಿಸರವೊಂದು ಒಂದು ದಿನ ಚರಿತ್ರೆಯ ಪಾಠದ ನಡುವೆ ಹರಿದು ಚೆಲ್ಲಿಹೋಯಿತು. ನಾವು ಬೆಂಚಿನ ಕೆಳಗೆ ತಡಕಾಡುತ್ತಿರಲಾಗಿ ಉಪಾಧ್ಯಾಯಿನಿಯವರು ಗದರಿಸಲಿಲ್ಲ. ಅಡಿಗೆಮನೆಯಿಂದ ಒಂದು ಕಾಳುಮೆಣಸನ್ನು ತರಿಸಿ, ಕರಿಯ ಮಣಿಯೊಂದರ ಪಕ್ಕದಲ್ಲಿ ಅಂಗೈಯ ಮೇಲಿಟ್ಟು, “ಇವೆರಡರಲ್ಲಿ ಹೆಚ್ಚಿನದು ಯಾವುದು?” ಎಂದು ಕೇಳಿದರು. ತೋಟದ ಅಡಕೆಮರಗಳಿಗೆ ಹಬ್ಬಿದ ಬಳ್ಳಿಯಲ್ಲಿ ತಾನಾಗಿ ಬಿಡುವ ಕಾಳಿಗೆ ಏನು ಹಿರಿಮೆ? ನಾವು ಮಣಿಯನ್ನೇ ತೋರಿಸಿದೆವು.

ಅಂದಿನ ಪಾಠ ಇಂದಿಗೂ ಮರೆತಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿಯೂ ಕೆಳದಿಯ ನಾಯಕರ ಗುರುತುಗಳುಂಟು: ಸಾಗರದ ಬಳಿಯ ಇಕ್ಕೇರಿ, ಈಗ ನಗರವೆನಿಸಿಕೊಂಡ ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯು ಗೋವೆಯ ಪೋರ್ತುಗೀಜ್ ರಾಯಭಾರಿಯ ಸಂಗಡ ಘಟ್ಟವನ್ನೇರಿ ಇಕ್ಕೇರಿಗೆ ಬಂದು, ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟನು. ಪೋರ್ತುಗೀಜರಿಗೆ ಈ ಸೀಮೆಯಿಂದ ಮುಖ್ಯವಾಗಿ ಬೇಕಾಗಿದ್ದುದು ಕಾಳುಮೆಣಸು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬರುವುದಕ್ಕೆ ಮುಂಚೆ ಮಲೆನಾಡು ಕರಾವಳಿಗಳ ಮೆಣಸು ಈಜಿಪ್ತಿನ ಅಲೆಕ್ಸಾಂಡ್ರಿಯದಲ್ಲಿ ವೆನಿಸಿನ ವರ್ತಕರ ಕೈಸೇರಿ, ಅವರ ಮೂಲಕ ಯುರೋಪಿಗೆ ಹೋಗುತ್ತಿತ್ತು. ಅದೇ ವೆನಿಸ್ ನಗರವು ಬೆಂಕಿಯ ಭಯದಿಂದ 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತ್ತು. ಮುಂದೆ ವೆನಿಸಿನ ಮಣಿಗಳು ದೇಶದೇಶಗಳಿಗೆ ಹೋದವು. ಆ ನಗರದ ಬಡ ಹೆಂಗಸರು ಮನೆಬಾಗಿಲಲ್ಲಿ ಕುಳಿತು ಅಲ್ಪ ಕೂಲಿಗೆ ಅವುಗಳನ್ನು ಪೋಣಿಸಿದರು. ಆಫ್ರಿಕದ ತೀರದಲ್ಲಿ ವರ್ತಕರು ಅವುಗಳನ್ನು ಕೊಟ್ಟು ಚಿನ್ನವನ್ನೂ ದಂತವನ್ನೂ, ಹೇಳಲು ನಾಚಿಕೆಯಾಗುತ್ತದೆ, ಮನುಷ್ಯರನ್ನೂ ಕೊಂಡರು.

ನಮ್ಮ ದೇಶವೂ ಈ ವಿದ್ಯೆಯನ್ನು ಅರಿಯದುದಲ್ಲ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಗಾಜಿನ ಮಣಿಗಳನ್ನು ಮಾಡುತ್ತಿದ್ದರು. ಕರಗಿದ ಗಾಜನ್ನು ಟೊಳ್ಳಾದ ನೀಳ ಕಡ್ಡಿಯಾಗಿ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚನ್ನು ದುಂಡಾಗಿಸುವ ಆ ಕ್ರಮವು ಆಂಧ್ರದ ಪಾಪನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿತು.

“ನೋಡಿದಿರಾ? ಬೆಲೆಯು ವಸ್ತುವಿನಲ್ಲಿಲ್ಲ, ಅದು ತನ್ನಲ್ಲಿಲ್ಲವೆಂದು ಬಯಸುವವನ ಆಸೆಯಲ್ಲಿದೆ,” ಎಂದು ಉಪಾಧ್ಯಾಯಿನಿಯವರು ಪಾಠ ಮುಗಿಸಿದರು. ನಾವು ಅದನ್ನು ಬಾಯಿಪಾಠ ಮಾಡಿಕೊಂಡೆವು. ಆದರೆ ಆ ಪಾಠಕ್ಕೆ ಇನ್ನೊಂದು ಭಾಗವಿರುವುದೆಂದು ಮರುವರುಷ ತಿಳಿಯಬಂದಿತು.

ಆ ವರುಷದ ಮಳೆಗಾಲದಲ್ಲಿ ಕೊಳೆರೋಗ ಬಿದ್ದು ಅಡಕೆಯೆಲ್ಲ ಎಳೆಗಾಯಿಯಲ್ಲೇ ಉದುರಿಹೋಗಿತ್ತು. ನಮ್ಮಲ್ಲಿ ಹೊಸನಗರದವಳ ತಾಯಿ ಮಗಳ ಫೀಜು ಕಟ್ಟುವುದಕ್ಕೆಂದು ಬಂದರು. ಕೈಯಲ್ಲಿ ಬಳೆಯಿರಲಿಲ್ಲ, ಕಿವಿಯಲ್ಲಿ ಓಲೆಯಿರಲಿಲ್ಲ. ಕೊರಳಲ್ಲಿ ಬಂಗಾರದ ಸರದ ಬದಲಿಗೆ ಬರಿಯ ಕರಿಮಣಿಯ ಎಳೆಯಿತ್ತು. ಮಕ್ಕಳ ಬುದ್ಧಿ! ನಾವು, “ಅಮ್ಮಾ, ಮಣಿ ಮಾತ್ರ ಉಳಿಯಿತೇ?” ಎಂದು ಕೇಳಿಯೇಬಿಟ್ಟೆವು. ಮಗಳು ತಲೆ ತಗ್ಗಿಸಿದಳು. ತಾಯಿ ಮಾತ್ರ ನಕ್ಕು, “ಬಂಗಾರ ಇಟ್ಟರೆ ಸಾಲ ಕೊಡ್ತಾರೆ ಮಕ್ಕಳೇ, ಮಣಿಗೆ ಯಾರು ಕೊಡ್ತಾರೆ? ಯಾರಿಗೂ ಬೇಡ ಅಂತಲೇ ಇದು ನನ್ನ ಹತ್ತಿರ ಉಳಿದಿದೆ,” ಎಂದರು.

ಅಂದು ರಾತ್ರಿ ನಮ್ಮ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಅಷ್ಟು ಹಗುರವಾಗಿ ಕೇಳಿದುದಕ್ಕೆ ಗೆಳತಿಯ ಕ್ಷಮೆಯನ್ನು ಬೇಡುವುದಕ್ಕೆ ನಮಗೆ ಎರಡು ದಿನ ಹಿಡಿಯಿತು.

ಇತರರು ಬಯಸುವುದರಿಂದ ವಸ್ತುವಿಗೆ ಬೆಲೆ ಬರುವುದೆಂಬುದು ನಿಜ. ಆ ಬೆಲೆಯೂ ತುಚ್ಛವಾದುದಲ್ಲ. ಆ ತಾಯಿಯ ಬಂಗಾರಕ್ಕೆ ಬೆಲೆಯಿದ್ದುದರಿಂದಲೇ ನಮ್ಮ ಗೆಳತಿಯ ವಿದ್ಯೆ ಮುಂದುವರಿಯಿತು. ಆದರೆ ಯಾವ ಸಂತೆಯಲ್ಲೂ ಮಾರದೆ, ಯಾರ ತಕ್ಕಡಿಗೂ ಏರದೆ, ಕಷ್ಟಕಾಲದಲ್ಲಿ ಕೊರಳನ್ನು ಬಿಡದೆ ಉಳಿದುದಕ್ಕೆ ಏನೆಂದು ಹೆಸರಿಡೋಣ?

ಗೆಳತಿ ಓದು ಮುಗಿಸಿ ಉಪಾಧ್ಯಾಯಿನಿಯಾಗಿ, ತನ್ನ ಸಂಬಳದಿಂದ ಸ್ವಲ್ಪ ಸ್ವಲ್ಪವಾಗಿ ಸಾಲ ತೀರಿಸಿ ಒಡವೆಗಳನ್ನು ಬಿಡಿಸಿದಳು. ಅವುಗಳನ್ನು ಮನೆಗೆ ಒಯ್ದ ದಿನ ನಾವಿಬ್ಬರೂ ಜೊತೆಗಿದ್ದೆವು. ತಾಯಿ ಗಂಟನ್ನು ಬಿಚ್ಚಿ, ಒಂದೊಂದನ್ನೂ ಮುಟ್ಟಿ ನೋಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬಳಿಕ ಬೀಗದ ಕೈಯನ್ನು ಮಗಳ ಅಂಗೈಯಲ್ಲಿಟ್ಟು, ನಮಗೆ ಕಾಫಿ ಮಾಡಲು ಎದ್ದರು. ಒಲೆಯ ಬೆಳಕಿನಲ್ಲಿ ಕೊರಳಿನ ಕರಿಮಣಿ ಮಿನುಗುತ್ತಲಿತ್ತು.