ಎರಡು ಸಾವಿರ ಎಲ್ಲರ ಮನೇಲೂ ಒಂದೇ ಅಲ್ಲ

ನಮ್ಮ ನೆಂಟರ ಮನೆಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ನಾಲ್ಕು ಕಡೆ ಹಂಚಿಹೋಗಿವೆ. ಯಾರ ಮನೇಲಾದ್ರೂ ಕಾರ್ಯಕ್ಕೆ ಸೇರಿದ್ರೆ ಹೆಂಗಸರ ಮೊದಲ ಮಾತು ಸಾಮಾನಿನ ಬೆಲೆದು, ಎರಡನೇದು ಗೃಹಲಕ್ಷ್ಮಿದು. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರುವಾದ ಯೋಜನೆ ಅದು. ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಮೊತ್ತ ಎಲ್ಲರಿಗೂ ಒಂದೇ. ಆದರೆ ಎಲ್ಲರ ಮನೇಲೂ ಅದು ಒಂದೇ ಕೆಲಸ ಮಾಡಲ್ಲ ಕಣ್ರೇ.

ಹಾಲನ್ನೇ ನೋಡಿ. ನಂದಿನಿ ಹಾಲು 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ 4. ಹಾಸನದಲ್ಲಿ ದಿನಕ್ಕೊಂದು ಲೀಟರ್ ಕೊಳ್ಳೋ ನಮಗೆ ಇವೆರಡರಿಂದಲೇ ತಿಂಗಳಿಗೆ 210 ರೂಪಾಯಿ ಜಾಸ್ತಿ. ಹೊಳೆನರಸೀಪುರದ ಹತ್ರ ಹಳ್ಳೀಲಿರೋ ನಾದಿನಿ ಎರಡು ಹಸು ಕಟ್ಟಿದಾಳೆ, ಡೈರಿಗೆ ಹಾಲು ಹಾಕ್ತಾಳೆ. ಬೆಲೆ ಏರಿದ್ರೆ ಅವಳಿಗೊಂದು ಪಾಲು. ಚನ್ನರಾಯಪಟ್ಟಣದ ಅಕ್ಕನಿಗೆ ತೆಂಗಿನ ತೋಟ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಅವಳ ಮುಖ ಅರಳಿತು. ನಾನು ಚಟ್ನಿಗೆ ಕಾಯಿ ಕಮ್ಮಿ ಮಾಡಿ ಹುರಿಗಡಲೆ ಜಾಸ್ತಿ ಹಾಕಿದೆ. ಅಕ್ಕನ ಎರಡು ಸಾವಿರ ಚೀಟಿ ಕಟ್ಟೋಕೆ ಹೋಗುತ್ತೆ. ಅರಕಲಗೂಡಿನ ಚಿಕ್ಕಮ್ಮಂಗೆ ಜಮೀನಿಲ್ಲ, ಕೂಲಿನೇ ಗತಿ. ಅವರ ಎರಡು ಸಾವಿರ ಎಣ್ಣೆ, ಬೇಳೆ, ಬಿ.ಪಿ. ಮಾತ್ರೆಗೇ ಕರಗಿಹೋಗುತ್ತೆ. "ಇದಿಲ್ದಿದ್ರೆ ಮಾತ್ರೆ ಯಾವತ್ತೋ ಬಿಟ್ಟಿರ್ತಿದ್ದೆ ಕಣೇ" ಅಂತಾರೆ. ಅದಕ್ಕೇ ಈ ದುಡ್ಡು ದಂಡ ಅನ್ನೋರ ಮಾತು ನನಗೆ ಹಿಡಿಸಲ್ಲ.

ಆದ್ರೆ ಸಹಾಯ ಯಾವ ರೂಪದಲ್ಲಿ ಬರುತ್ತೆ ಅನ್ನೋದೂ ಮುಖ್ಯ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಬದಲು, ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ ಕೊಡ್ತಿದ್ರು. ಆ ದುಡ್ಡಿಗೆ ಅಂಗಡೀಲಿ ಊಟದ ಅಕ್ಕಿ ಐದು ಕೆ.ಜಿ. ಬರ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿನೇ ಕೊಟ್ಟಾಗ ಚಿಕ್ಕಮ್ಮ ನಿಟ್ಟುಸಿರು ಬಿಟ್ರು. ಐದು ಕೆ.ಜಿ. ಯಾವ ವರ್ಷ ತೂಗಿದ್ರೂ ಐದು ಕೆ.ಜಿ.ನೇ. ಬಸ್ಸೂ ಹಂಗೇ. 2025ರ ಜನವರೀಲಿ ಟಿಕೆಟ್ ಶೇ. 15 ಏರಿದ ಬಿಸಿ ಚಿಕ್ಕಪ್ಪಂಗೆ ತಟ್ಟಿತು. ಶಕ್ತಿ ಯೋಜನೇಲಿ ಓಡಾಡೋ ಚಿಕ್ಕಮ್ಮಂಗೆ ತಟ್ಟಲಿಲ್ಲ. ಬೆಲೆ ಏರಿದಂಗೆ ಸವೆಯೋದು ನೋಟು ಮಾತ್ರ. ಸವೆತ ಮೊದಲು ಕಾಣೋದೂ ಇಲ್ಲದವರ ಮನೇಲೇ.

ಇನ್ನೊಂದು ವಿಷಯ. ಅಕ್ಕಿ ತಲೆ ಲೆಕ್ಕದಲ್ಲಿ ಬರುತ್ತೆ, ಗೃಹಲಕ್ಷ್ಮಿ ಕಾರ್ಡಿನ ಲೆಕ್ಕದಲ್ಲಿ. ಇಬ್ಬರಿರೋ ಮನೆಗೂ ಎರಡು ಸಾವಿರ, ಏಳು ಜನ ಇರೋ ಚಿಕ್ಕಮ್ಮನ ಮನೆಗೂ ಎರಡು ಸಾವಿರ. ಅದೂ ಯಜಮಾನಿ ಖಾತೆಗೆ. ಅದೇ ಕಾರ್ಡಲ್ಲಿರೋ ಸೊಸೆಗೆ ಬೇರೆ ಇಲ್ಲ. ಮನೆ ಮನೆ ನಡುವಿನ ಹೆಚ್ಚುಕಮ್ಮಿ ಲೆಕ್ಕ ಹಾಕೋರು ಅಡುಗೆಮನೆ ಒಳಗಿನ ಈ ಹೆಚ್ಚುಕಮ್ಮಿ ನೋಡಲ್ಲ.

ಚಿಕ್ಕಮ್ಮ ನೋಡಿದ್ರು. ದುಡ್ಡು ಬಂದ ದಿನ ಮುನ್ನೂರು ರೂಪಾಯಿ ಸೊಸೆ ಕೈಗಿಡ್ತಾರೆ, ಏನಕ್ಕೆ ಅಂತ ಕೇಳಲ್ಲ. ಆ ಹುಡುಗಿ ಹೋದ ಸಲ ಸಿಕ್ಕಾಗ ಹೇಳಿದ್ಲು: "ಮೊತ್ತ ಸಣ್ಣದೇ ಅಕ್ಕ. ಆದ್ರೆ ಪ್ಯಾಡ್ ತರೋಕೆ ಯಾರ ಹತ್ರಾನೂ ಕೈಚಾಚಬೇಕಾಗಿಲ್ಲ."

ನಮ್ಮಲ್ಲಿ ಯಜಮಾನಿ ಆಗಿರೋರು ಇದನ್ನ ಸ್ವಲ್ಪ ಯೋಚಿಸಿ.