ಸೊಂಟದ ಆಯುಧ

ಜೇಬಿಲ್ಲದ ಉಡುಪನ್ನು ಉಟ್ಟವನು ತನ್ನ ಸೊತ್ತನ್ನೆಲ್ಲ ಸೊಂಟಕ್ಕೇ ಒಪ್ಪಿಸಬೇಕಾಗುತ್ತದೆ. ನಮ್ಮ ಕಾಸರಗೋಡಿನ ಹಿರಿಯರು ಪಂಚೆಯ ಮಡಿಲಲ್ಲಿ ಎಲೆಯಡಕೆಯ ಚೀಲವನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಹಣವೂ ಅಲ್ಲಿಯೇ, ಬೀಗದ ಕೈಯೂ ಅಲ್ಲಿಯೇ. ತೋಟಕ್ಕೆ ಹೊರಟಾಗ ಬೆನ್ನ ಕೆಳಗಿನ ಕೊಕ್ಕೆಗೆ ಕತ್ತಿಯನ್ನು ತೂಗುಹಾಕುತ್ತಿದ್ದರು. ಕಳ್ಳಿಳಿಸುವ ಮೂರ್ತೆಯವನ ಸೊಂಟದಲ್ಲಂತೂ ಕೂದಲನ್ನು ಸೀಳುವಷ್ಟು ಹರಿತವಾದ ಅಲಗು. ಅದನ್ನು ಧರಿಸಿಕೊಂಡೇ ಅವನು ಶಾಲೆಯ ಅಂಗಳವನ್ನು ಹಾದುಹೋಗುತ್ತಿದ್ದನು. ಮಕ್ಕಳಾದ ನಮಗೆ ಭಯವೆಂಬುದು ಆಗಲೇ ಇಲ್ಲ. ಏಕೆಂದು ಈಗ, ಮಕ್ಕಳಿಗೆ ಪಾಠ ಹೇಳುವ ವಯಸ್ಸಿನಲ್ಲಿ, ಯೋಚಿಸುತ್ತಿದ್ದೇನೆ.

ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಉಡುಪಾದ ಕಿಲ್ಟನ್ನು ಚಿತ್ರಗಳಲ್ಲಿ ಕಾಣದವರು ವಿರಳ. ನೆರಿಗೆ ಹಿಡಿದ ಚೌಕಳಿಯ ಬಟ್ಟೆ, ಮೊಣಕಾಲಿನವರೆಗೆ. ಅದಕ್ಕೂ ಜೇಬಿಲ್ಲ. ಆದಕಾರಣವೇ ಮುಂಭಾಗದಲ್ಲಿ ‘ಸ್ಪಾರನ್’ ಎಂಬ ತೊಗಲಿನ ಚೀಲವೊಂದು ತೂಗುತ್ತದೆ. ಅದು ಅವರ ಎಲೆಯಡಕೆಯ ಚೀಲವೆನ್ನೋಣ. ಕಾಲುಚೀಲದ ಮೇಲಂಚಿನಲ್ಲಿ ‘ಸ್ಕೀನ್ ಡೂ’ ಎಂಬ ಪುಟ್ಟ ಚೂರಿ. ಕರಿಗತ್ತಿ ಎಂದು ಹೆಸರಿನ ಅರ್ಥ. ಅದನ್ನು ಮೊದಲು ಕಂಕುಳ ಮರೆಯಲ್ಲಿ ಇರಿಸಿಕೊಳ್ಳುತ್ತಿದ್ದರಂತೆ; ಅತಿಥಿಯಾಗಿ ಒಬ್ಬರ ಮನೆಯನ್ನು ಹೊಕ್ಕಾಗ ಹೊರತೆಗೆದು, ಆತಿಥೇಯನ ಕಣ್ಣಿಗೆ ಕಾಣುವಂತೆ ಕಾಲುಚೀಲಕ್ಕೆ ಸಿಕ್ಕಿಸುತ್ತಿದ್ದರಂತೆ. ನನ್ನಲ್ಲಿ ಇರುವುದು ಇಷ್ಟೆ, ನೋಡಿಕೋ ಎಂಬ ಭಾವ. ಈ ಕಥೆ ನಿಜವೋ ಅಲ್ಲವೋ, ಅದರಲ್ಲಿನ ಸಭ್ಯತೆ ಮಾತ್ರ ನಿಜ.

ಪಿಸ್ತೂಲಿಗೂ ಅವರಲ್ಲಿ ಇದೇ ನಿಯಮ. ಡೂನ್ ಎಂಬ ಸಣ್ಣ ಊರಿನಲ್ಲಿ ಥಾಮಸ್ ಕ್ಯಾಡೆಲ್ ಎಂಬ ಕಮ್ಮಾರನು 1646ರಲ್ಲಿ ನೆಲೆಸಿ, ಹಿಡಿಯೂ ಸೇರಿ ಪೂರ್ತಿ ಲೋಹದ ಪಿಸ್ತೂಲುಗಳನ್ನು ಮಾಡತೊಡಗಿದನು. ಟಗರಿನ ಕೊಂಬಿನಂತೆ ಸುರುಳಿಗೊಂಡ ಹಿಡಿ, ಮೈತುಂಬ ಬೆಳ್ಳಿಯ ಕೆತ್ತನೆ, ಪಟ್ಟಿಗೆ ತಗುಲಿಸಲು ಪಕ್ಕದಲ್ಲೊಂದು ಕೊಕ್ಕೆ. ಕಿಲ್ಟಿನ ಮೇಲೆ ಅದು ಹೊರಗೆ ಕಾಣುವಂತೆಯೇ ತೂಗಬೇಕು. ಅಡಗಿಸುವುದಕ್ಕೆ ಅಷ್ಟೊಂದು ಕೆತ್ತನೆ ಏತಕ್ಕೆ? 1745ರ ದಂಗೆಯ ಬಳಿಕ ಬ್ರಿಟಿಷ್ ಸರಕಾರವು ಅವರ ಆಯುಧಗಳನ್ನು ಕಸಿದುಕೊಂಡುದಲ್ಲದೆ, 1746ರ ಕಾನೂನಿನಿಂದ ಉಡುಪನ್ನೂ ನಿಷೇಧಿಸಿತು. ಕಿಲ್ಟು ಉಟ್ಟವನಿಗೆ ಆರು ತಿಂಗಳ ಸೆರೆ. ಎರಡನೆಯ ಬಾರಿಗೆ ಏಳು ವರ್ಷಗಳ ಗಡೀಪಾರು. 1782ರಲ್ಲಿ ಆ ಉಡುಪಿನ ಕಾನೂನು ರದ್ದಾಯಿತು.

ಇಂಥ ಕಥೆ ನಮ್ಮ ನೆರೆಯಲ್ಲಿಯೂ ನಡೆದಿದೆ. ಮಲಬಾರಿನಲ್ಲಿ ಮಾಪಿಳ್ಳೆಯರು ನಡುವಿನಲ್ಲಿ ಧರಿಸುತ್ತಿದ್ದ ಯುದ್ಧಗತ್ತಿಯನ್ನು 1854ರ ಕಾನೂನು ನಿಷೇಧಿಸಿತು. ಕಲೆಕ್ಟರ್ ಕಾನೊಲಿಯು 1855ರಲ್ಲಿ ಕಲ್ಲಿಕೋಟೆಯ ತನ್ನ ಬಂಗಲೆಯಲ್ಲಿಯೇ ಕೊಲೆಯಾದನು. ಕಸಿದುಕೊಂಡ ಮಾತ್ರಕ್ಕೆ ಶಾಂತಿ ನೆಲಸುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಇತ್ತ ಪಾಣತ್ತೂರಿನಾಚೆಯ ಬೆಟ್ಟವನ್ನು ದಾಟಿದರೆ ಕೊಡಗು. ಮೊಣಕಾಲಿಗಿಳಿಯುವ ಕುಪ್ಯ, ನಡುವಿಗೆ ಕೆಂಪು ರೇಶಿಮೆಯ ಚೇಲೆ, ಅದರ ಮುಂಭಾಗದಲ್ಲಿ ಬೆಳ್ಳಿಯ ಹಿಡಿಯ ಪೀಚೆಕತ್ತಿ, ಬೆನ್ನಿನಲ್ಲಿ ಒಡಿಕತ್ತಿ. ಕೈಲ್‌ಪೋದಿನಂದು ಕೋವಿಗೆ ಹೂ ಮುಡಿಸಿ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ, 2029ರವರೆಗೆ ಮುಂದುವರಿಸಿತು.

ಉಳಿದ ನಮಗೆಲ್ಲ 1959ರ ಆಯುಧ ಕಾಯಿದೆ. ಕೃಷಿಗೆಂದೇ, ಮನೆಬಳಕೆಗೆಂದೇ ಇರುವ ಸಾಧನವನ್ನು ಈ ಕಾಯಿದೆ ಆಯುಧವೆಂದು ಎಣಿಸುವುದಿಲ್ಲ. ನಮ್ಮ ತೋಟದ ಕತ್ತಿಗೆ ಯಾರ ಅಪ್ಪಣೆಯೂ ಬೇಡ. ಕೋವಿಗೆ ಮಾತ್ರ ಪರವಾನಗಿ ಬೇಕು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಒಪ್ಪಿಸಿ ಬರಬೇಕಾದೀತು. ಕಾಡುಹಂದಿಯ ಹಾವಳಿಯಿಂದ ಬೆಳೆ ಕಳೆದುಕೊಂಡ ರೈತನಿಗೆ ಇದು ಕಿರಿಕಿರಿಯೆಂದು ತೋರುವುದು ಸಹಜ. ಆದರೂ ಒಂದು ಕೋವಿ ಎಲ್ಲಿದೆ, ಯಾರಲ್ಲಿದೆ ಎಂಬುದು ಊರಿಗೆ ತಿಳಿದಿರಬೇಕೆಂಬ ತತ್ತ್ವವೇ ಅದರ ಹಿಂದಿರುವುದು.

ಇಷ್ಟರಿಂದ, ಕಣ್ಣಿಗೆ ಕಾಣುವ ಆಯುಧ ನಿರಪಾಯಕರ, ಮರೆಯಲ್ಲಿರುವುದು ಮಾತ್ರ ಕೇಡು ಎಂದು ಮುಗಿಸಿಬಿಡಬಹುದಿತ್ತು. ಆದರೆ ಡೂನ್ ಊರಿನಿಂದ ಕೆಲವೇ ಮೈಲಿಗಳ ದೂರದಲ್ಲಿ ಡನ್‌ಬ್ಲೇನ್ ಎಂಬ ಪಟ್ಟಣವಿದೆ. 1996ರ ಮಾರ್ಚ್ 13ರ ಬೆಳಗ್ಗೆ ಒಬ್ಬನು ನಾಲ್ಕು ಕೈಬಂದೂಕುಗಳೊಡನೆ ಅಲ್ಲಿನ ಪ್ರಾಥಮಿಕ ಶಾಲೆಯನ್ನು ಹೊಕ್ಕನು. ವ್ಯಾಯಾಮದ ಕೋಣೆಯಲ್ಲಿ ಐದಾರು ವರ್ಷದ 16 ಮಕ್ಕಳೂ ಅವರ ಅಧ್ಯಾಪಿಕೆಯೂ ಪ್ರಾಣ ಬಿಟ್ಟರು. ಆ ಬಂದೂಕುಗಳಿಗೆಲ್ಲ ಸರಕಾರದ ಪರವಾನಗಿ ಇತ್ತು. ಕಾಗದದಲ್ಲಿ ಅವು ಮರೆಯಲ್ಲಿರಲಿಲ್ಲ. ಮರೆಯಲ್ಲಿದ್ದುದು ಮನಸ್ಸು.

ಆಗ ಆ ನಾಡಿನವರು ಏನು ಮಾಡಿದರೆಂಬುದು ಅಧ್ಯಾಪಕರಾದ ನಾವು ತಿಳಿಯತಕ್ಕ ವಿಷಯ. ಮಾರ್ಚಿಯ ಚಳಿಯಲ್ಲಿ ಅರಳುವ ‘ಸ್ನೋಡ್ರಾಪ್’ ಎಂಬ ಬಿಳಿಯ ಹೂವಿನ ಹೆಸರಿನಲ್ಲಿ ಒಂದು ಮನವಿ ಹೊರಟಿತು. 7 ಲಕ್ಷಕ್ಕೂ ಹೆಚ್ಚು ಜನ ರುಜು ಹಾಕಿದರು. 1997ರ ಎರಡು ಕಾನೂನುಗಳಿಂದ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಖಾಸಗಿಯವರ ಕೈಬಂದೂಕುಗಳು ಬಹುತೇಕ ಪೂರ್ತಿಯಾಗಿ ನಿಷಿದ್ಧವಾದವು. ಕಾಲುಚೀಲದ ಪುಟ್ಟ ಚೂರಿಯಾದರೋ ಉಳಿದುಕೊಂಡಿತು. ರಾಷ್ಟ್ರೀಯ ಉಡುಪಿನ ಅಂಗವಾಗಿ ಧರಿಸಿದ ಚೂರಿಗೆ ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಸಿಖ್ಖರ ಕಿರ್ಪಾಣಕ್ಕೆ ಕೊಟ್ಟ ಮನ್ನಣೆಯೂ ಇದಕ್ಕೆ ಹತ್ತಿರದ್ದು. ಉಡುಪಿನ ಗೌರವವನ್ನೂ ಮಕ್ಕಳ ಜೀವವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಗೊಂದಲಪಡದೆ, ಯಾವುದು ಅಲಂಕಾರ, ಯಾವುದು ಅಪಾಯ ಎಂದು ಬೇರ್ಪಡಿಸಿದ ವಿವೇಕವದು.

ಮೂರ್ತೆಯವನ ಅಲಗಿಗೆ ನಾವು ಅಂಜದಿದ್ದುದೇಕೆಂಬುದಕ್ಕೆ ಉತ್ತರ ಇಲ್ಲಿಯೇ ಸಿಕ್ಕಿತೆಂದು ತೋರುತ್ತದೆ. ಅದು ಕಾಣುತ್ತಿತ್ತು ಎಂಬುದು ಅರ್ಧ ಉತ್ತರ. ಅವನ ಕಸುಬು ಯಾವುದು, ಅವನ ಮನೆಯಲ್ಲಿ ಯಾರು ಯಾರು, ಆ ವರ್ಷದ ಮಳೆಯಲ್ಲಿ ಅವನಿಗಾದ ಕಷ್ಟವೇನು ಎಂಬುದೆಲ್ಲ ಊರಿಗೇ ಗೊತ್ತಿತ್ತು, ಇದು ಉಳಿದರ್ಧ. ಆಯುಧವನ್ನು ಎಣಿಸಿ ಬರೆದಿಡುವುದು ಸರಕಾರದಿಂದಾದೀತು. ಮನುಷ್ಯನನ್ನು ಅರಿತಿರುವುದು ನೆರೆಹೊರೆಯವರ ಕೆಲಸ, ಶಾಲೆಯ ಕೆಲಸ. ಕೊನೆಯ ಬೆಂಚಿನಲ್ಲಿ ತಿಂಗಳುಗಟ್ಟಲೆ ಮಾತಿಲ್ಲದೆ ಕುಳಿತ ಹುಡುಗನನ್ನು ಹೆಸರು ಹಿಡಿದು ಕರೆದು, ಹತ್ತಿರ ಕೂರಿಸಿಕೊಂಡು ಮಾತನಾಡಿಸುವುದಕ್ಕೆ ಯಾವ ಪರವಾನಗಿಯೂ ಬೇಕಾಗಿಲ್ಲ.